‘ಸಂಕಟ’ ಅಂದ್ರೆ ಬೇಜಾರಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಶಾಪ್ ಇದೆ. ಅಲ್ಲಿ ಕೂತವನಿಗೆ ಮಾತ್ರೆ ಕೇಳುವವರಷ್ಟೇ ಈ ಪ್ರಶ್ನೆ ಕೇಳುವವರೂ ಸಿಗುತ್ತಾರೆ (ಸ್ವಲ್ಪ ಜಾಸ್ತಿ ಹೇಳಿದೆ, ಇರಲಿ): ಸಂಕಟ ಅಂದರೆ ಸರಿಯಾಗಿ ಏನು? ಕೇಳುವವರಲ್ಲಿ ಹೆಚ್ಚಿನವರು ಕೇರಳದಿಂದ ಬಂದ ನರ್ಸ್‌ಗಳು. ಅವರ ತಪ್ಪಲ್ಲ. ಮಲಯಾಳದಲ್ಲೂ ‘ಸಂಕಡಂ’ ಇದೆ, ಆದರೆ ಅಲ್ಲಿ ಅದು ಬೇಜಾರು, ದುಃಖ. ಒಮ್ಮೆ ಲೈನ್ ಮನೆಯ (ಕಾಫಿ ತೋಟದ ಕೆಲಸದವರ ಸಾಲುಮನೆ) ಅಜ್ಜಿಯೊಬ್ಬರು "ಬೆಳಗ್ಗೆಯಿಂದ ಸಂಕಟ ಆಗ್ತದೆ ಮಗಳೇ" ಅಂದಾಗ ಹೊಸದಾಗಿ ಬಂದ ನರ್ಸ್ ಅವರ ಕೈ ಹಿಡಿದು ಸಮಾಧಾನ ಮಾಡುತ್ತಾ ಕೂತಿದ್ದಳಂತೆ. ಅಜ್ಜಿಗೆ ಬೇಕಿದ್ದದ್ದು ಬಕೆಟ್ಟು. ಆಮೇಲೆ ಅವಳೇ ನಗುತ್ತಾ ಬಂದಳು. "ಅಣ್ಣಾ, ವಾಂತಿ ಅಂತ ಯಾಕೆ ಹೇಳಲಿಲ್ಲ ಅವರು?"

ವಾಂತಿ ಅಲ್ವಲ್ಲ, ಅದಕ್ಕೆ. ವಾಂತಿಗೆ ಮುಂಚಿನ ಆ ತೊಳಸಾಟ, ಬರುವುದೂ ಇಲ್ಲ, ಸುಮ್ನೆ ಇರಲು ಬಿಡುವುದೂ ಇಲ್ಲ, ಅದು ಸಂಕಟ.

ಸಂಸ್ಕೃತದಲ್ಲಿ ಈ ಪದಕ್ಕೆ ಇಕ್ಕಟ್ಟಾದದ್ದು, ಕಿರಿದಾದ ದಾರಿ ಅನ್ನುವ ಅರ್ಥವೂ ಇದೆ. ನಮ್ಮ ‘ಇಕ್ಕಟ್ಟು’ ಕೂಡ ಹಾಗೇ ಅಲ್ವಾ? ಬಸ್ಸಿನ ಸೀಟೂ ಇಕ್ಕಟ್ಟು, ಸಾಲ ಕೊಟ್ಟ ನೆಂಟ ಮದುವೆಮನೆಯಲ್ಲಿ ಎದುರಾಗುವುದೂ ಇಕ್ಕಟ್ಟು. ಸಂಪಾಜೆ ಘಾಟಿಯ ತಿರುವಿನಲ್ಲಿ ಎದುರಿಗೆ ಲಾರಿ, ಹಿಂದೆ ಬಸ್ಸು ಬಂದು ನಿಂತರೆ ನಮ್ಮವರಿಗೆ ಬೇರೆ ವಿವರಣೆ ಬೇಡ. ಕಣದಲ್ಲಿ ಕಾಫಿ ಹರಡಿರುವಾಗ ಜನವರಿಯಲ್ಲಿ ಮೋಡ ಕಟ್ಟಿದರೆ ಆಗುವುದು ಸಂಕಟ. ಮಳೆ ಬಂದು ಎಲ್ಲ ನೆಂದ ಮೇಲೆ ಅದರ ಹೆಸರು ನಷ್ಟ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತೇವಲ್ಲ, ಆ ಇಲಿ ಇನ್ನೂ ಸತ್ತಿಲ್ಲ ನೋಡಿ. (ಸಂಕಷ್ಟ ಬೇರೆ ಪದ, ಅದು ಕಷ್ಟದ ಕಡೆಯದು. ಎರಡನ್ನೂ ಕಲಸುವವರನ್ನು ಕಂಡರೆ ನನಗೆ ಸಿಟ್ಟು.)

ಅಂಗಡಿಯಲ್ಲಿ ಯಾರಾದರೂ ಸಂಕಟ ಅಂದರೆ ನಾನು ಮೊದಲು ಕೇಳುವುದು, ಹೊಟ್ಟೆಯದ್ದಾ, ಎದೆಯದ್ದಾ? "ನೋವೇನಿಲ್ಲ, ಎದೆಯಲ್ಲಿ ಹಿಡಿದ ಹಾಗೆ ಏನೋ ಸಂಕಟ" ಅಂದವರಿಗೆ ಗ್ಯಾಸಿನ ಮಾತ್ರೆ ಕೊಟ್ಟು ಕಳಿಸುವುದಿಲ್ಲ. ಹೃದಯಾಘಾತ ಎಷ್ಟೋ ಸಲ ನೋವಾಗಿ ಬರುವುದಿಲ್ಲ, ಬಿಗಿತವಾಗಿ ಬರುತ್ತದೆ. ಆಟೋ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತೇನೆ, ಬೈದರೂ ಸರಿ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಜೋಡುಪಾಲ, ಮಕ್ಕಂದೂರು ಕಡೆಯ ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿದ್ದರು. ಮಾತ್ರೆ ಕೊಡಲು ಹೋದಾಗ ಪರಿಚಯದವರೊಬ್ಬರು ಸಿಕ್ಕಿದರು. "ಮನೆ ಉಂಟಾ ಇಲ್ವಾ ಅಂತಲೇ ಗೊತ್ತಾಗ್ತಾ ಇಲ್ಲ ಮಾರಾಯ, ಅದೇ ಸಂಕಟ" ಅಂದರು. ದಾರಿ ಬಿಟ್ಟ ಮೇಲೆ ಹೋಗಿ ನೋಡಿಕೊಂಡು ಬಂದರು. ಮನೆ ಇರಲಿಲ್ಲ. ಅವತ್ತು ನನ್ನ ಅಂಗಡಿಯಲ್ಲಿ ತುಂಬ ಹೊತ್ತು ಕೂತರು, ಟೀ ಕುಡಿದರು, ಹಗ್ಗ ಬಿಚ್ಚಿ ಬಿಟ್ಟು ಬಂದಿದ್ದ ಹಸು ಸಿಕ್ಕಿದ್ದನ್ನು ಹೇಳಿದರು. ಸಂಕಟ ಅನ್ನುವ ಮಾತು ಮಾತ್ರ ಅವರ ಬಾಯಲ್ಲಿ ಮತ್ತೆ ಬರಲಿಲ್ಲ.