ಬ್ರಿಟನ್ನಿನ ಖರ್ಚು ಕಡಿತವನ್ನು ಕೌನ್ಸಿಲ್ ಟ್ಯಾಕ್ಸ್ ಬಿಲ್ಲಿನಲ್ಲಿ ಓದುವುದು

ಪ್ರತಿ ವರ್ಷ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಮನೆಮನೆಗೂ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆಯ ಬಿಲ್ ಬರುತ್ತದೆ. ಮೇಲ್ಗಡೆ ಮನೆಯ ಬ್ಯಾಂಡ್, ಅಂದರೆ ಮನೆಯ ಬೆಲೆಗೆ ತಕ್ಕಂತೆ ಕೊಡುವ ‘ಎ’ಯಿಂದ ‘ಎಚ್’ವರೆಗಿನ ಒಂದು ಅಕ್ಷರ. ಕೆಳಗೆ ಕೌನ್ಸಿಲ್‌ಗೆ ಇಷ್ಟು, ಪೊಲೀಸರಿಗೆ ಇಷ್ಟು, ಅಗ್ನಿಶಾಮಕ ದಳಕ್ಕೆ ಇಷ್ಟು ಎಂಬ ಲೆಕ್ಕ. ನಡುವೆ ‘ಅಡಲ್ಟ್ ಸೋಶಿಯಲ್ ಕೇರ್ ಪ್ರಿಸೆಪ್ಟ್’ ಎಂಬ ಸಾಲು: ವೃದ್ಧರ ಮತ್ತು ಅಂಗವಿಕಲರ ಆರೈಕೆಗೆಂದು 2016ರಿಂದ ಸೇರಿಸುತ್ತ ಬಂದ ತೆರಿಗೆ. ಊರಲ್ಲಿದ್ದು ಪತ್ರಿಕೆ ಓದುವವರಿಗೆ ಬ್ರಿಟನ್ನಿನ ‘ಆಸ್ಟೆರಿಟಿ’ (ಸರ್ಕಾರಿ ಖರ್ಚು ಕಡಿತ) ಚರ್ಚೆ ಜಿಡಿಪಿಯ ಶೇಕಡಾವಾರು ಜಗಳದಂತೆ ಕಾಣಬಹುದು. ಇಲ್ಲಿ ವಾಸಿಸುವವರಿಗೆ ಅದು ಈ ಒಂದು ಹಾಳೆಯಲ್ಲಿ ಸಿಗುತ್ತದೆ, ಓದಿಕೊಳ್ಳುವ ಬಗೆ ಗೊತ್ತಿದ್ದರೆ.

2010ರ ಮೇನಲ್ಲಿ ಡೇವಿಡ್ ಕ್ಯಾಮರಾನ್ ಅವರ ಸಮ್ಮಿಶ್ರ ಸರ್ಕಾರ ಬಂದಾಗ ಬ್ಯಾಂಕ್ ಕುಸಿತದ ಪೆಟ್ಟಿನಿಂದ ವರ್ಷದ ಬಜೆಟ್ ಕೊರತೆ ಜಿಡಿಪಿಯ ಶೇ. 10ರ ಆಸುಪಾಸಿನಲ್ಲಿತ್ತು. ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಅದೇ ಅಕ್ಟೋಬರ್‌ನಲ್ಲಿ 8,100 ಕೋಟಿ ಪೌಂಡ್‌ಗಳ ಕಡಿತ ಘೋಷಿಸಿದರು. 2011ರ ಜನವರಿಯಿಂದ ವ್ಯಾಟ್ ಶೇ. 17.5ರಿಂದ 20ಕ್ಕೆ ಏರಿತು. ಸರ್ಕಾರಿ ನೌಕರರ ಸಂಬಳ ಎರಡು ವರ್ಷ ನಿಂತಲ್ಲೇ ನಿಂತು, ಆಮೇಲೆ ವರ್ಷಕ್ಕೆ ಶೇ. 1ರ ಮಿತಿಯಲ್ಲಿ ತೆವಳಿತು. ಮನೆಯ ಯಜಮಾನ ಸಾಲ ಹೆಚ್ಚಾದಾಗ ಕೈ ಬಿಗಿ ಹಿಡಿಯುವಂತೆ ದೇಶವೂ ಹಿಡಿಯಬೇಕು ಎಂಬುದು ಸರ್ಕಾರದ ವಾದ. ಜನರೂ ಕಂಪನಿಗಳೂ ಖರ್ಚು ನಿಲ್ಲಿಸಿರುವ ಹೊತ್ತಿನಲ್ಲಿ ಸರ್ಕಾರವೂ ನಿಲ್ಲಿಸಿದರೆ ಎಲ್ಲರ ಆದಾಯವೂ ಕುಗ್ಗುತ್ತದೆ, ತೆರಿಗೆಯೂ ಕುಗ್ಗುತ್ತದೆ ಎಂಬುದು ಎದುರು ವಾದ. ಆಗ ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿದರ ಬರೀ ಶೇ. 0.5. ಸಾಲ ಅಷ್ಟು ಅಗ್ಗವಾಗಿದ್ದಾಗಲೇ ರಿಪೇರಿಗೂ ಕಟ್ಟಡಕ್ಕೂ ಹಣ ಹಾಕದೆ ಬಿಟ್ಟದ್ದು ಆ ದಶಕದ ದೊಡ್ಡ ತಪ್ಪು ಎಂದೇ ನಾವು ನಂಬುತ್ತೇವೆ. 2015ರೊಳಗೆ ಕೊರತೆ ನೀಗಿಸುತ್ತೇವೆ ಎಂದ ಗುರಿಯೂ ಮುಟ್ಟಲಿಲ್ಲ.

ಕಡಿತ ಎಲ್ಲ ಇಲಾಖೆಗಳ ಮೇಲೂ ಸಮನಾಗಿ ಬೀಳಲಿಲ್ಲ. ಆರೋಗ್ಯ, ಶಾಲೆ, ವಿದೇಶಿ ನೆರವು ಇವಕ್ಕೆ ರಕ್ಷಣೆ ಕೊಟ್ಟದ್ದರಿಂದ ಉಳಿದವರ ಪಾಲಿನ ಭಾರ ಹೆಚ್ಚಿತು. ಕೋರ್ಟು, ಜೈಲು, ಪೊಲೀಸ್, ಎಲ್ಲಕ್ಕಿಂತ ಮಿಗಿಲಾಗಿ ಕೌನ್ಸಿಲ್‌ಗಳು. ಕೌನ್ಸಿಲ್ ಎಂದರೆ ನಮ್ಮ ಪಾಲಿಕೆಯಂತೆ ಕಸ, ರಸ್ತೆ, ಪಾರ್ಕು ಮಾತ್ರವಲ್ಲ. ಅನಾಥ ಮಕ್ಕಳ ಪಾಲನೆ, ವೃದ್ಧರ ಆರೈಕೆ, ವಿಶೇಷ ಅಗತ್ಯವಿರುವ ಮಕ್ಕಳ ಶಾಲಾ ಪ್ರಯಾಣ, ಸೂರಿಲ್ಲದವರಿಗೆ ತಾತ್ಕಾಲಿಕ ಮನೆ ಎಲ್ಲವೂ ಅದರ ಹೆಗಲ ಮೇಲೆ. ಬ್ರಿಟನ್ನಿನ ಲೆಕ್ಕಪರಿಶೋಧನಾ ಸಂಸ್ಥೆ ನ್ಯಾಷನಲ್ ಆಡಿಟ್ ಆಫೀಸ್ 2018ರಲ್ಲಿ ಹೇಳಿದಂತೆ, ಏಳು ವರ್ಷಗಳಲ್ಲಿ ಕೇಂದ್ರ ಸರ್ಕಾರ ಕೌನ್ಸಿಲ್‌ಗಳಿಗೆ ಕೊಡುವ ಹಣ, ಬೆಲೆಯೇರಿಕೆ ಕಳೆದು ನೋಡಿದರೆ, ಶೇ. 49ರಷ್ಟು ಇಳಿದಿತ್ತು.

ಆ ಹಣ ಇಳಿದರೆ ತೆರಿಗೆ ಏರಿಸಿಕೊಳ್ಳಿ ಎನ್ನುವುದು ಸುಲಭ. ಬಿಲ್ಲಿನ ಆ ಒಂದು ಅಕ್ಷರದಲ್ಲಿ ತೊಡಕಿದೆ. ಇಂಗ್ಲೆಂಡಿನ ಮನೆಗಳ ಬ್ಯಾಂಡ್ ಈಗಲೂ 1991ರ ಏಪ್ರಿಲ್ 1ರ ಬೆಲೆಯ ಮೇಲೆ ನಿಂತಿದೆ. ಕಳೆದ ವರ್ಷ ಕಟ್ಟಿದ ಮನೆಗೂ ‘ಅಂದು ಇದ್ದಿದ್ದರೆ ಎಷ್ಟು’ ಎಂದು ಊಹಿಸಿ ಅಕ್ಷರ ಹಾಕುತ್ತಾರೆ. ‘ಎ’ ಮನೆ ‘ಡಿ’ ಮನೆಯ ಒಂಬತ್ತರಲ್ಲಿ ಆರು ಪಾಲು ಕಟ್ಟಿದರೆ, ‘ಎಚ್’ ಬಂಗಲೆ ಕಟ್ಟುವುದು ‘ಡಿ’ಯ ಎರಡರಷ್ಟೇ. ಲಿವರ್‌ಪೂಲ್‌ನ ಅರ್ಧಕ್ಕಿಂತ ಹೆಚ್ಚು ಮನೆಗಳು ‘ಎ’ ಬ್ಯಾಂಡಿನವು. ಅಲ್ಲಿ ತೆರಿಗೆ ಶೇ. 5 ಏರಿಸಿದರೆ ಬರುವ ಹಣಕ್ಕೂ ಸರ್ರೆಯ ಸಿರಿವಂತ ಊರುಗಳಲ್ಲಿ ಅಷ್ಟೇ ಏರಿಸಿದರೆ ಬರುವ ಹಣಕ್ಕೂ ಅಜಗಜಾಂತರ. ಬಡ ಊರುಗಳು ಕೇಂದ್ರದ ಹಣವನ್ನೇ ಹೆಚ್ಚು ನೆಚ್ಚಿದ್ದರಿಂದ, ಎಲ್ಲರಿಗೂ ಸಮನಾಗಿ ಕತ್ತರಿಸಿದಂತೆ ಕಂಡ ಕಡಿತ ಅವರನ್ನೇ ಹೆಚ್ಚು ಕೊಯ್ದಿತು. ಸಾಮಾನ್ಯವಾಗಿ ದೊಡ್ಡ ಕೌನ್ಸಿಲ್‌ಗಳು ಶೇ. 5ರ ಮೇಲೆ ಏರಿಸಬೇಕೆಂದರೆ ಸ್ಥಳೀಯ ಜನಮತ ಕೇಳಬೇಕು, ಅಥವಾ ಕೇಂದ್ರದ ವಿಶೇಷ ಅನುಮತಿ ಪಡೆಯಬೇಕು. 2025-26ರಲ್ಲಿ ಇಂಗ್ಲೆಂಡಿನ ಸರಾಸರಿ ‘ಡಿ’ ಬ್ಯಾಂಡ್ ಬಿಲ್ 2,280 ಪೌಂಡ್.

ದಿನನಿತ್ಯದ ಖರ್ಚಿಗೆ ಕೌನ್ಸಿಲ್ ಸಾಲ ಮಾಡುವಂತಿಲ್ಲ. ಪ್ರತಿ ವರ್ಷ ಮಾರ್ಚ್ 11ರೊಳಗೆ ಆಯವ್ಯಯ ಸರಿದೂಗಿಸಿ ಒಪ್ಪಿಗೆ ಪಡೆಯಲೇಬೇಕು. ಆರೈಕೆ, ಮಕ್ಕಳ ರಕ್ಷಣೆಯಂಥವು ಕಾನೂನಿನ ಕಡ್ಡಾಯ. ಯುವಕೇಂದ್ರ, ಪಾರ್ಕು, ಕಲಾ ಅನುದಾನ, ತಾಯಿ-ಮಗುವಿನ ಕೇಂದ್ರ ಇವು ಬಹುಪಾಲು ಐಚ್ಛಿಕ. ಹಾಗಾಗಿ ಕತ್ತರಿ ಮೊದಲು ಬಿದ್ದದ್ದು ಇವುಗಳ ಮೇಲೆ. ‘ಶ್ಯೂರ್ ಸ್ಟಾರ್ಟ್’ ಕೇಂದ್ರಗಳದ್ದು ಇಲ್ಲಿ ಎಲ್ಲರೂ ತಿಳಿದಿರಬೇಕಾದ ಕಥೆ. 1999ರಲ್ಲಿ ಶುರುವಾಗಿ 2010ರ ಹೊತ್ತಿಗೆ ಮೂರೂವರೆ ಸಾವಿರದಷ್ಟಾಗಿದ್ದ ಈ ಕೇಂದ್ರಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಆಟ, ಆರೋಗ್ಯ ತಪಾಸಣೆ, ಹೆತ್ತವರಿಗೆ ಸಲಹೆ ಒಂದೇ ಸೂರಿನಡಿ ಸಿಗುತ್ತಿತ್ತು. 2011ರಲ್ಲಿ ಅದಕ್ಕೆಂದೇ ಮೀಸಲಿಟ್ಟ ಹಣದ ಬೇಲಿ ತೆಗೆದರು. ಹಣ ಕರಗಿತು, ನೂರಾರು ಕೇಂದ್ರಗಳು ಮುಚ್ಚಿದವು. ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಎಂಬ ಸಂಶೋಧನಾ ಸಂಸ್ಥೆ ಆ ಮಕ್ಕಳು ಬೆಳೆದ ಮೇಲೆ ಲೆಕ್ಕ ಹಾಕಿ ನೋಡಿತು. ಕೇಂದ್ರದ ಹತ್ತಿರ ಬೆಳೆದ ಬಡ ಮಕ್ಕಳು ಹದಿನಾರರ ವಯಸ್ಸಿನ ಜಿಸಿಎಸ್‌ಇ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದಿದ್ದರು. ಹದಿಹರೆಯದಲ್ಲಿ ಆಸ್ಪತ್ರೆ ಸೇರುವುದೂ ಅಂಥ ಮಕ್ಕಳಲ್ಲಿ ಕಡಿಮೆಯಿತ್ತು. ಅಂದರೆ ಕೌನ್ಸಿಲ್ ಉಳಿಸಿದ ಹಣದ ಬಿಲ್ಲು ಹತ್ತು ಹದಿನೈದು ವರ್ಷ ತಡವಾಗಿ ಆಸ್ಪತ್ರೆಗೆ, ಶಾಲೆಗೆ, ಆ ಮಕ್ಕಳ ಸಂಬಳಕ್ಕೆ ಹೋಯಿತು. ಈಗಿನ ಲೇಬರ್ ಸರ್ಕಾರ ಬೇರೆ ಹೆಸರಿನಲ್ಲಿ ಅಂಥದ್ದೇ ಕೇಂದ್ರಗಳನ್ನು ಮತ್ತೆ ತೆರೆಯಹೊರಟಿದೆ. ಪೊಲೀಸರ ವಿಷಯದಲ್ಲೂ ಇದೇ ಆಯಿತು: ಸುಮಾರು 20,000 ಹುದ್ದೆ ಕಳೆದು, 2019ರಲ್ಲಿ ಬೋರಿಸ್ ಜಾನ್ಸನ್ 20,000 ಮಂದಿಯ ಹೊಸ ನೇಮಕಾತಿ ಘೋಷಿಸಿದರು. ಕಳೆದುಹೋದ ಅನುಭವವನ್ನು ನೇಮಕಾತಿಯಿಂದ ತುಂಬಲಾಗುವುದಿಲ್ಲ.

ಕೈಯಲ್ಲಿ ಹಣವಿಲ್ಲದ ಕೆಲವು ಕೌನ್ಸಿಲ್‌ಗಳು ಇನ್ನೊಂದು ದಾರಿ ಹಿಡಿದವು. ಕಟ್ಟಡ, ಆಸ್ತಿಗೆಂದು ಸರ್ಕಾರದ ಪಬ್ಲಿಕ್ ವರ್ಕ್ಸ್ ಲೋನ್ ಬೋರ್ಡ್‌ನಿಂದ ಅಗ್ಗದ ಬಡ್ಡಿಗೆ ಸಾಲ ಸಿಗುತ್ತಿತ್ತು. ಅದರಿಂದ ಮಾಲ್, ಹೋಟೆಲ್, ಕಚೇರಿ ಕಟ್ಟಡಗಳಿಗೆ ಹಣ ಹೂಡಿ ಬಾಡಿಗೆಯಿಂದ ಸೇವೆ ನಡೆಸುವ ಲೆಕ್ಕಾಚಾರ. ಲಂಡನ್ನಿಗೆ ಹತ್ತಿರದ ಪುಟ್ಟ ವೋಕಿಂಗ್ ಕೌನ್ಸಿಲ್ ಹೀಗೆ ಸುಮಾರು 180 ಕೋಟಿ ಪೌಂಡ್ ಸಾಲದ ಗುಡ್ಡೆ ಹಾಕಿಕೊಂಡು 2023ರಲ್ಲಿ ಕೈಚೆಲ್ಲಿತು. ಇದನ್ನು ಮೊದಲೇ ಹಿಡಿಯಬೇಕಿದ್ದವರು ಯಾರು? ಕೌನ್ಸಿಲ್‌ಗಳ ಲೆಕ್ಕ ತಪಾಸಣೆ ನೋಡಿಕೊಳ್ಳುತ್ತಿದ್ದ ಆಡಿಟ್ ಕಮಿಷನ್ನನ್ನು ಉಳಿತಾಯದ ಹೆಸರಿನಲ್ಲಿ ಮುಚ್ಚುವುದಾಗಿ 2010ರಲ್ಲೇ ಘೋಷಿಸಿ 2015ರಲ್ಲಿ ಮುಚ್ಚಿಯೂ ಆಗಿತ್ತು. ಆ ಕೆಲಸ ಖಾಸಗಿ ಲೆಕ್ಕಪರಿಶೋಧಕರಿಗೆ ಹೋಯಿತು. 2023ರ ಸೆಪ್ಟೆಂಬರ್ ಹೊತ್ತಿಗೆ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳ ಒಂಬೈನೂರಕ್ಕೂ ಹೆಚ್ಚು ಲೆಕ್ಕ ತಪಾಸಣೆಗಳು ಬಾಕಿ ಬಿದ್ದಿದ್ದವು. ಖರ್ಚು ಕಡಿತದ ಪರ ಇರುವವರೂ ಈ ಒಂದು ಕಡಿತವನ್ನು ಸಮರ್ಥಿಸಲಾರರು.

ಕೌನ್ಸಿಲ್ ದಿವಾಳಿಯಾಯಿತು ಎಂದು ಪತ್ರಿಕೆಗಳು ಬರೆಯುತ್ತವೆ. ಕಾನೂನಿನ ಪ್ರಕಾರ ಕೌನ್ಸಿಲ್ ದಿವಾಳಿಯಾಗುವುದಿಲ್ಲ. 1988ರ ಕಾಯ್ದೆಯ 114ನೇ ಸೆಕ್ಷನ್ ಅಡಿ ಅದರ ಮುಖ್ಯ ಹಣಕಾಸು ಅಧಿಕಾರಿ ‘ಈ ವರ್ಷದ ಖರ್ಚು ಆದಾಯವನ್ನು ಮೀರಲಿದೆ’ ಎಂದು ಲಿಖಿತ ವರದಿ ಕೊಡುತ್ತಾರೆ. ಅಂದಿನಿಂದ ಹೊಸ ಖರ್ಚಿಗೆ ತಡೆ. ಕಡ್ಡಾಯ ಸೇವೆಗಳೂ ಸಂಬಳವೂ ನಡೆಯುತ್ತವೆ. 21 ದಿನಗಳೊಳಗೆ ಸಭೆ ಸೇರಿ ಉತ್ತರ ಕೊಡಬೇಕು. ಪರಿಸ್ಥಿತಿ ಕೈಮೀರಿದ ಕಡೆ ಲಂಡನ್ನಿನಿಂದ ಕಮಿಷನರುಗಳು ಬಂದು ಕೂರುತ್ತಾರೆ, ಆಸ್ತಿ ಮಾರಿದ ಹಣವನ್ನೋ ಸಾಲವನ್ನೋ ದಿನನಿತ್ಯದ ಖರ್ಚಿಗೆ ಬಳಸಲು ವಿಶೇಷ ಅನುಮತಿ ಸಿಗುತ್ತದೆ. ನಾರ್ಥ್ಯಾಂಪ್ಟನ್‌ಶೈರ್ 2018ರಲ್ಲಿ, ಕ್ರಾಯ್ಡನ್ 2020ರಲ್ಲಿ, ಭಾರತೀಯರು ಹೆಚ್ಚಾಗಿರುವ ಸ್ಲೌ 2021ರಲ್ಲಿ, ನಾಟಿಂಗ್‌ಹ್ಯಾಮ್ 2023ರಲ್ಲಿ ಈ ಹಾದಿ ತುಳಿದವು.

ಬರ್ಮಿಂಗ್‌ಹ್ಯಾಮ್ ವರದಿ ಬಂದದ್ದು 2023ರ ಸೆಪ್ಟೆಂಬರ್ 5ರಂದು. ಅಲ್ಲಿನ ವಿಷಯದಲ್ಲಿ ಎರಡೂ ಪಾಳೆಯದವರು ಅರ್ಧ ಸತ್ಯ ಹೇಳುತ್ತಾರೆ. ಹೆಂಗಸರಿಗೆ ವರ್ಷಗಟ್ಟಲೆ ಕಡಿಮೆ ಸಂಬಳ ಕೊಟ್ಟದ್ದರ ಬಾಕಿ 65ರಿಂದ 76 ಕೋಟಿ ಪೌಂಡ್ ಎಂದು ಕೌನ್ಸಿಲ್ ಅಂದಾಜಿಸಿತ್ತು. ಒರೇಕಲ್ ತಂತ್ರಾಂಶದ ಅಳವಡಿಕೆ ಹಳಿ ತಪ್ಪಿ ಲೆಕ್ಕವೇ ಸಿಗದಂತಾಗಿತ್ತು. ಇವು ಆಡಳಿತದ ತಪ್ಪು. ಆದರೆ ಆಘಾತ ತಡೆಯಲು ಬೇಕಾದ ಮೀಸಲು ಹಣ ಒಂದು ದಶಕದ ಕಡಿತದಲ್ಲಿ ಸವೆದಿತ್ತು. ಮರುವರ್ಷ ತೆರಿಗೆ ಶೇ. 9.99 ಏರಿತು, ಅದರ ಮರುವರ್ಷ ಶೇ. 7.49. ಎರಡು ವರ್ಷಕ್ಕೆ 30 ಕೋಟಿ ಪೌಂಡ್ ಕಡಿತ, ಬೀದಿದೀಪದ ಬೆಳಕು ತಗ್ಗಿಸುವುದು, ಎರಡು ವಾರಕ್ಕೊಮ್ಮೆ ಕಸ ಎತ್ತುವುದು ಎಲ್ಲ ಯೋಜನೆಗೆ ಬಂದವು. ಕಸದ ಲಾರಿಗಳಲ್ಲಿನ ಒಂದು ಹುದ್ದೆ ತೆಗೆದದ್ದಕ್ಕೆ ಎದ್ದ ಮುಷ್ಕರ 2025ರ ಮಾರ್ಚ್ 11ರಿಂದ ಪೂರ್ಣ ಪ್ರಮಾಣಕ್ಕೆ ತಿರುಗಿ, ಬೀದಿಗಳಲ್ಲಿ ಕಸದ ರಾಶಿ ಬಿತ್ತು.

ಎಲ್ಲ ಕಡಿತವೂ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಬೆಲೆ ಏರುತ್ತಿರುವಾಗ ಮಿತಿಯನ್ನು ಹಾಗೇ ಬಿಟ್ಟರೆ ಸಾಕು. ಉಳಿತಾಯ 23,250 ಪೌಂಡ್ ಮೀರಿದ ವೃದ್ಧರು ಇಂಗ್ಲೆಂಡಿನಲ್ಲಿ ಆರೈಕೆಯ ಪೂರ್ತಿ ಖರ್ಚನ್ನು ತಾವೇ ಭರಿಸಬೇಕು. ಈ ಅಂಕಿ 2010ರಿಂದ ಬದಲಾಗಿಲ್ಲ. ಯಾವ ಮಂತ್ರಿಯೂ ಇದಕ್ಕಾಗಿ ಸಂಸತ್ತಿನಲ್ಲಿ ಎದ್ದುನಿಂತು ಉತ್ತರ ಕೊಡಬೇಕಾಗಿ ಬರುವುದಿಲ್ಲ. ಅದೇ ಕಣ್ಣಿಗೆ ಬೀಳುವ ಕಡಿತ ಮಾಡಿದರೆ ಏನಾಗುತ್ತದೆ ಎಂಬುದನ್ನು 2024ರಲ್ಲಿ ಲೇಬರ್ ಸರ್ಕಾರದ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಕಂಡರು. ಹಿರಿಯರಿಗೆ ಚಳಿಗಾಲದಲ್ಲಿ ಸಿಗುತ್ತಿದ್ದ 200-300 ಪೌಂಡ್ ಇಂಧನ ಭತ್ಯೆಯನ್ನು ಕಡುಬಡವರಿಗೆ ಸೀಮಿತಗೊಳಿಸಿದರು, ಒಂದು ವರ್ಷದೊಳಗೆ 35,000 ಪೌಂಡ್ ಆದಾಯದವರೆಗೆ ಮತ್ತೆ ಕೊಟ್ಟರು. ಕಡಿತದ ಪರವಾದಿಗಳ ಒಂದು ಮಾತನ್ನು ಮಾತ್ರ ತಳ್ಳಿಹಾಕಲಾಗದು: 2022ರ ಸೆಪ್ಟೆಂಬರ್‌ನಲ್ಲಿ ಲಿಜ್ ಟ್ರಸ್ ಸರ್ಕಾರ ಹಣದ ಮೂಲ ತೋರಿಸದೆ 4,500 ಕೋಟಿ ಪೌಂಡ್ ತೆರಿಗೆ ಇಳಿಸಹೊರಟಾಗ ಸರ್ಕಾರಿ ಬಾಂಡ್‌ಗಳ ಬಡ್ಡಿ ಜಿಗಿದು ಬ್ಯಾಂಕ್ ಆಫ್ ಇಂಗ್ಲೆಂಡ್ ನಡುವೆ ಬರಬೇಕಾಯಿತು. ಈಗ ಬ್ರಿಟನ್ ವರ್ಷಕ್ಕೆ ಕಟ್ಟುವ ಬಡ್ಡಿಯೇ ಹತ್ತು ಸಾವಿರ ಕೋಟಿ ಪೌಂಡ್ ದಾಟಿದೆ. 2010ರಲ್ಲಿ ಅಗ್ಗವಾಗಿ ಮಾಡಬಹುದಿದ್ದ ರಿಪೇರಿ ಈಗ ದುಬಾರಿ.

ಕರ್ನಾಟಕದಿಂದ ಬರುವವರಿಗೆ ಇದು ದೂರದ ವಿಷಯವಲ್ಲ. 2012ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಬೋಧನಾ ಅನುದಾನ ಕತ್ತರಿಸಿ ದೇಶಿ ವಿದ್ಯಾರ್ಥಿಗಳ ಶುಲ್ಕ 9,000 ಪೌಂಡ್‌ವರೆಗೆ ಏರಲು ಬಿಟ್ಟರು. 2017ರಲ್ಲಿ 9,250ಕ್ಕೆ ತಂದು ಎಂಟು ವರ್ಷ ಅಲ್ಲೇ ನಿಲ್ಲಿಸಿದರು. ಆ ಕೊರತೆ ತುಂಬುತ್ತಿರುವುದು ಹೊರದೇಶದವರ ಶುಲ್ಕ, ಅದರಲ್ಲಿ ನಮ್ಮ ಮಕ್ಕಳದ್ದೂ ಇದೆ. ವೀಸಾ ಜೊತೆ ಕಟ್ಟುವ ಆರೋಗ್ಯ ಸರ್‌ಚಾರ್ಜ್ 2015ರಲ್ಲಿ ವರ್ಷಕ್ಕೆ 200 ಪೌಂಡ್ ಇತ್ತು. 2024ರ ಫೆಬ್ರವರಿಯಿಂದ ವಯಸ್ಕರಿಗೆ 1,035, ವಿದ್ಯಾರ್ಥಿಗಳಿಗೂ ಮಕ್ಕಳಿಗೂ 776. ಈ ಏರಿಕೆಯನ್ನು ಸರ್ಕಾರಿ ನೌಕರರ ಸಂಬಳ ಹೆಚ್ಚಳದ ಜೊತೆಗೇ ಘೋಷಿಸಲಾಗಿತ್ತು. ಪೂರ್ತಿ ಅವಧಿಯದನ್ನು ಅರ್ಜಿ ಹಾಕುವಾಗಲೇ ಕಟ್ಟಬೇಕು: ದಂಪತಿ, ಇಬ್ಬರು ಮಕ್ಕಳು, ಐದು ವರ್ಷದ ವೀಸಾ ಎಂದರೆ 18,110 ಪೌಂಡ್, ವೀಸಾ ಶುಲ್ಕ ಬೇರೆ. ಹೆಲ್ತ್ ಅಂಡ್ ಕೇರ್ ವೀಸಾದವರಿಗೆ ವಿನಾಯಿತಿ ಇದೆ. ಅನೇಕರು ಮನೆ ಬಾಡಿಗೆ ಮುಂಗಡಕ್ಕೆಂದು ಇಟ್ಟ ಹಣ ಇಲ್ಲೇ ಮುಗಿದು ಪರದಾಡುತ್ತಾರೆ.

ಮನೆ ಹಿಡಿಯುವ ಮುಂಚೆ ವಿಳಾಸದ ಬ್ಯಾಂಡ್ ಸರ್ಕಾರಿ ಜಾಲತಾಣದಲ್ಲಿ ನೋಡಿ, ಆ ಕೌನ್ಸಿಲ್ಲಿನ ಈ ವರ್ಷದ ದರವನ್ನೂ ನೋಡಿ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ತೆರಿಗೆ ಇಲ್ಲ, ಆದರೆ ವಿನಾಯಿತಿಗೆ ಅರ್ಜಿ ಹಾಕದಿದ್ದರೆ ಬಿಲ್ ಬರುತ್ತದೆ. ವಿದ್ಯಾರ್ಥಿಯಲ್ಲದವರು ಒಬ್ಬರೇ ಇದ್ದರೆ ಶೇ. 25 ರಿಯಾಯಿತಿ. ಇದನ್ನು ಪಡೆದರೆ ವೀಸಾ ಷರತ್ತು ಮುರಿದಂತಲ್ಲ. ಕಡಿಮೆ ಆದಾಯದವರಿಗೆ ಕೊಡುವ ‘ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್’ ಬೇರೆ, ಅದು ಸಾರ್ವಜನಿಕ ನಿಧಿಯ ಲೆಕ್ಕಕ್ಕೆ ಬರುತ್ತದೆ. ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ) ಎಂಬ ವೀಸಾ ಷರತ್ತಿರುವವರು ಅದಕ್ಕೆ ಕೈ ಹಾಕಬಾರದು. ಬಿಲ್ ಸಾಮಾನ್ಯವಾಗಿ ಏಪ್ರಿಲ್‌ನಿಂದ ಹತ್ತು ಕಂತು, ಕೇಳಿಕೊಂಡರೆ ಹನ್ನೆರಡು.

ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದ ಹಕ್ಕೊಂದಿದೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ವೀಸಾ ಮೇಲೆ ಇಲ್ಲಿ ವಾಸವಿರುವ 18 ತುಂಬಿದ ಭಾರತೀಯರು, ವಿದ್ಯಾರ್ಥಿಗಳೂ ಸೇರಿ, ಕೌನ್ಸಿಲ್ ಚುನಾವಣೆಯಲ್ಲೂ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಮತಗಟ್ಟೆಯಲ್ಲಿ ಫೋಟೋ ಗುರುತಿಗೆ ಭಾರತದ ಪಾಸ್‌ಪೋರ್ಟ್ ಸಾಕು. ಕೌನ್ಸಿಲ್ ಬಜೆಟ್ಟಿನ ಕರಡು ಜನವರಿ-ಫೆಬ್ರವರಿಯಲ್ಲಿ ಅವರ ಜಾಲತಾಣದಲ್ಲಿ ಇರುತ್ತದೆ. ಯಾವ ಗ್ರಂಥಾಲಯ, ಯಾವ ಬಸ್ಸು, ಯಾವ ಮಕ್ಕಳ ಕೇಂದ್ರ ಪಟ್ಟಿಯಲ್ಲಿದೆ ಎಂದು ಓದಿ, ವಾರ್ಡಿನ ಕೌನ್ಸಿಲರ್‌ಗೆ ಬರೆಯಿರಿ.