ಅಮ್ಮನ ನಡಿಗೆಗೆ ಒಗ್ಗಿದ ಊರು

ಶುಕ್ರವಾರ, ಏಪ್ರಿಲ್ 18, 2025
ಉಟ್ರೆಕ್ಟ್, ನೆದರ್ಲೆಂಡ್ಸ್

ಗುಡ್ ಫ್ರೈಡೇಯಿಂದ ಈಸ್ಟರ್ ಸೋಮವಾರದವರೆಗೆ ಜರ್ಮನಿಯಲ್ಲಿ ಸಾಲು ರಜೆ. ಶಿವಮೊಗ್ಗದಿಂದ ಬಂದಿರುವ ಅಮ್ಮ ಡುಸೆಲ್ಡಾರ್ಫ್‌ನ ನಮ್ಮ ಮನೆಯಲ್ಲಿದ್ದಾಳೆ. ಅವಳಿಗೆ ಮಂಡಿನೋವು. ಹತ್ತು ನಿಮಿಷ ನಡೆದರೆ ಎರಡು ನಿಮಿಷ ಕೂರಬೇಕು. ಹಾಗಾಗಿ ಎಲ್ಲರೂ ಹೇಳುವ ಆಮ್‌ಸ್ಟರ್‌ಡ್ಯಾಮ್ ಬೇಡ ಅನ್ನಿಸಿತು. ಈಸ್ಟರ್ ರಜೆಯಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದೇ ರೈಲಿನಲ್ಲಿ ಕೂತು ಸ್ವಲ್ಪ ಮೊದಲೇ ಇಳಿದರೆ ಉಟ್ರೆಕ್ಟ್. ಸುಮಾರು ಎರಡು ಗಂಟೆಯ ದಾರಿ, ರೈಲು ಬದಲಿಸುವ ತಾಪತ್ರಯ ಇಲ್ಲ. ಸ್ಟೇಷನ್‌ನಿಂದ ಎಲ್ಲದಕ್ಕೂ ನಡೆದೇ ಹೋಗಬಹುದು.

ಸ್ಟೇಷನ್ ಮುಂದಿನ ಚೌಕದ ಕೆಳಗೆ ಸೈಕಲ್ ನಿಲ್ಲಿಸುವ ಜಾಗ ಇದೆ. 12,500 ಸೈಕಲ್ ಹಿಡಿಸುತ್ತದೆ. 2019ರಲ್ಲಿ ಪೂರ್ತಿ ತೆರೆದಾಗ ಇಡೀ ಜಗತ್ತಿನಲ್ಲೇ ಇಂಥದ್ದರಲ್ಲಿ ಅತಿ ದೊಡ್ಡದು. ಇಳಿಯದೆ ಸೈಕಲ್ ಮೇಲೆ ಕೂತೇ ಮೂರು ಮಹಡಿಗೂ ಹೋಗುತ್ತಾರೆ. ಅಮ್ಮ ಕಂಬಿ ಹಿಡಿದು ತುಂಬಾ ಹೊತ್ತು ನೋಡಿದಳು. "ಇಷ್ಟರಲ್ಲಿ ತಮ್ಮದು ಯಾವುದು ಅಂತ ಹೇಗೆ ಹುಡುಕ್ತಾರೆ?" ಅಂದಳು.

ರೂಮಿನಲ್ಲಿ ಬ್ಯಾಗ್ ಇಟ್ಟು ಸಂಜೆ ಹೊರಗೆ ಬಂದೆವು. ಎಂಟೂವರೆವರೆಗೂ ಬೆಳಕಿರುವ ಕಾಲ. ಸ್ಟೇಷನ್ನಿಗೂ ಹಳೇ ಊರಿಗೂ ನಡುವೆ ಕಾಟರೇನೆಸಿಂಗಲ್ ಅನ್ನುವ ಕಾಲುವೆ ಇದೆ. ಹಿಂದೆ ಊರಿನ ಕೋಟೆಗೆ ಕಂದಕವಾಗಿದ್ದ ನೀರು ಇದು. ಇವತ್ತು ನೋಡಿದರೆ ದಡದಲ್ಲಿ ಹುಲ್ಲು, ಬೆಂಚು, ಬಾತುಕೋಳಿ, ಸಣ್ಣ ದೋಣಿಗಳು. ಯಾವಾಗಲೂ ಹೀಗೇ ಇತ್ತೇನೋ ಅನ್ನಿಸುತ್ತದೆ.

ಆದರೆ 1970ರ ದಶಕದಲ್ಲಿ ಇಲ್ಲಿ ನೀರು ತೆಗೆದು, ಅದೇ ತಗ್ಗಿನಲ್ಲಿ ಕಾರುಗಳಿಗೆ ದೊಡ್ಡ ಹೆದ್ದಾರಿ ಹಾಕಿದ್ದರು. ಊರಿನೊಳಕ್ಕೆ ಕಾರು ಸಲೀಸಾಗಿ ಬರಬೇಕು ಅನ್ನುವುದೇ ಆಗ ಎಲ್ಲ ಕಡೆ ಇದ್ದ ಆಸೆ. 2002ರಲ್ಲಿ ಊರಿನವರನ್ನೇ ಮತ ಹಾಕಿ ಅಂತ ಕೇಳಿದಾಗ, ನೀರು ವಾಪಸ್ ತರುವ ಯೋಜನೆಗೆ ಜಾಸ್ತಿ ಮತ ಬಿತ್ತು. ರಸ್ತೆ ಅಗೆದು ತೆಗೆದರು. 2020ರ ಸೆಪ್ಟೆಂಬರ್‌ನಲ್ಲಿ ಕೊನೆಯ ತುಂಡಿಗೂ ನೀರು ಬಿಟ್ಟರು. ಈಗ ದೋಣಿಯಲ್ಲಿ ಹಳೇ ಊರನ್ನು ಪೂರ್ತಿ ಒಂದು ಸುತ್ತು ಹಾಕಬಹುದು.

ಇದನ್ನು ಅಮ್ಮನಿಗೆ ಹೇಳಿದಾಗ ಅವಳು ನಂಬಲೇ ಇಲ್ಲ. ಮದುವೆಗೆ ಮುಂಚೆ ಕೆಲವು ವರ್ಷ ಬೆಂಗಳೂರಿನಲ್ಲಿ ಇದ್ದವಳು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು ಅಂತ ಅವಳಿಗೆ ಗೊತ್ತು. "ನೀರು ಹೋಗಿ ರಸ್ತೆ ಆಗಿದ್ದು ನೋಡಿದೀನಿ. ರಸ್ತೆ ಹೋಗಿ ನೀರು ಬಂದಿದ್ದು ಇದೇ ಮೊದ್ಲು ಕೇಳ್ತಿರೋದು" ಅಂದಳು. ನನಗೂ ಇದು ಈ ಊರಿನ ಎಲ್ಲಕ್ಕಿಂತ ದೊಡ್ಡ ಸಂಗತಿ ಅನ್ನಿಸುತ್ತದೆ. ಚರ್ಚು, ಗೋಪುರ ಬೇಕಾದಷ್ಟು ಊರುಗಳಲ್ಲಿವೆ. ಹಾಕಿದ ಹೆದ್ದಾರಿಯನ್ನು ಕಿತ್ತು, ನಡೆಯುವವರಿಗೆ ದಡ ಮಾಡಿಕೊಟ್ಟ ಊರು ಎಷ್ಟಿರಬಹುದು?

ಶನಿವಾರ, ಏಪ್ರಿಲ್ 19

ಬೆಳಿಗ್ಗೆ ಬ್ರೇಡ್‌ಸ್ಟ್ರಾಟ್ ಅನ್ನುವ ಬೀದಿಯ ಬಟ್ಟೆ ಸಂತೆ. ಪ್ರತಿ ಶನಿವಾರ ನಡೆಯುತ್ತದೆ. 1597ರಿಂದ ಇದೆಯಂತೆ! ತಾನುಗಟ್ಟಲೆ ಹತ್ತಿ, ಲಿನನ್, ಉಣ್ಣೆ, ತುಂಡು ಬಟ್ಟೆಗಳ ರಾಶಿ, ಗುಂಡಿ, ಜಿಪ್ಪು, ಲೇಸು. ಅಮ್ಮ ಮನೆಯಲ್ಲಿ ಹೊಲಿಗೆ ಹಾಕುತ್ತಾಳೆ. ಇಲ್ಲಿ ಅವಳಿಗೆ ನನ್ನ ಸಹಾಯ ಬೇಕಾಗಲಿಲ್ಲ. ಬಟ್ಟೆಯನ್ನು ಎರಡು ಬೆರಳಿನ ನಡುವೆ ಉಜ್ಜಿ ನೋಡುವುದು, ಬೆಳಕಿಗೆ ಹಿಡಿಯುವುದು, ಎಷ್ಟು ಮೀಟರ್ ಅಂತ ಬೆರಳಲ್ಲೇ ತೋರಿಸುವುದು. ಅಂಗಡಿಯ ಹೆಂಗಸಿಗೂ ಅದೆಲ್ಲ ಅರ್ಥವಾಯಿತು. ತಿಳಿ ನೀಲಿ ಲಿನನ್ ತೆಗೆದುಕೊಂಡು ಹೊರಟೆವು.

ಅಲ್ಲಿಂದ ಔಡೆಗ್ರಾಕ್ಟ್. ಊರಿನ ಉದ್ದಕ್ಕೂ ಹಾದುಹೋಗುವ ಹಳೇ ಕಾಲುವೆ ಇದು. ಚಿತ್ರದಲ್ಲಿ ನೋಡಿದ್ದೆ, ಆದರೆ ಎದುರಿಗೆ ನಿಂತಾಗಲೇ ಅದರ ವಿಶೇಷ ಗೊತ್ತಾಗುವುದು. ಇಲ್ಲಿ ಎರಡು ಅಂತಸ್ತು ಇವೆ. ಮೇಲೆ ರಸ್ತೆ, ಅಂಗಡಿ, ಮನೆಗಳು. ಮೆಟ್ಟಿಲಿಳಿದರೆ ನೀರಿನ ಮಟ್ಟಕ್ಕೆ ಇನ್ನೊಂದು ಕಲ್ಲುಹಾಸಿನ ದಾರಿ. ಆ ದಾರಿಯ ಗೋಡೆಯಲ್ಲಿ ಸಾಲಾಗಿ ಕಮಾನು ಬಾಗಿಲುಗಳು. ಒಳಗೆ ನೆಲಮಾಳಿಗೆ. ಕೆಲವು ಈಗ ಊಟದ ಹೋಟೆಲು, ಕೆಲವು ಕಲಾವಿದರ ಕೆಲಸದ ಕೋಣೆ.

ಇದು ಆದ ಬಗೆ ಚೆನ್ನಾಗಿದೆ. ಉಟ್ರೆಕ್ಟ್‌ಗೆ ನಗರದ ಹಕ್ಕು ಸಿಕ್ಕಿದ್ದು 1122ರಲ್ಲಿ. ಅದೇ ಹೊತ್ತಿಗೆ, ಊರಿನೊಳಗೆ ಹರಿಯುತ್ತಿದ್ದ ರೈನ್ ನದಿಯ ಕವಲಿಗೆ ಮೇಲುಗಡೆ ಅಣೆಕಟ್ಟೆ ಹಾಕಿದರು. ಊರಿನೊಳಗೆ ನೀರಿನ ಮಟ್ಟ ಇಳಿಯಿತು, ದಡ ಎತ್ತರದಲ್ಲಿ ಉಳಿಯಿತು. ದೋಣಿಯಲ್ಲಿ ಬಂದ ಸರಕನ್ನು ಅಷ್ಟು ಮೇಲಕ್ಕೆ ಎತ್ತುವುದು ಕಷ್ಟ. ವ್ಯಾಪಾರಿಗಳು ನೀರಿನ ಪಕ್ಕದಲ್ಲೇ ಸರಕು ಇಳಿಸುವ ಕಟ್ಟೆ ಕಟ್ಟಿಕೊಂಡರು. ಅಲ್ಲಿಂದ ರಸ್ತೆಯ ಕೆಳಗೇ ತಮ್ಮ ಮನೆಯ ನೆಲಮಾಳಿಗೆಗೆ ದಾರಿ ಕೊರೆದರು. ದೋಣಿ ಬಂತು, ಪೀಪಾಯಿ ಉರುಳಿಸಿದರು, ಸರಕು ನೇರ ಮನೆಯ ಕೆಳಗೆ ಸೇರಿತು. ಅಂದರೆ ನಾವು ಮೇಲಿನ ರಸ್ತೆಯಲ್ಲಿ ನಡೆಯುವಾಗ ಕಾಲ ಕೆಳಗೆಲ್ಲ ಟೊಳ್ಳು! ಹೋಟೆಲುಗಳಿಗೆ ಬೇಕಾದ ಸಾಮಾನು ಈಗಲೂ ದೋಣಿಯಲ್ಲೇ ಬರುತ್ತದೆ. ಬ್ಯಾಟರಿ ದೋಣಿ, ಸದ್ದೇ ಇಲ್ಲ. ಬಾಟಲಿ ಕ್ರೇಟು ಇಳಿಸಿ, ಖಾಲಿ ಕ್ರೇಟು ಹೇರಿಕೊಂಡು ಹೋಯಿತು.

ಅಮ್ಮ ಮೆಟ್ಟಿಲನ್ನು ಒಂದೊಂದಾಗಿ, ಕಂಬಿ ಹಿಡಿದು ಇಳಿದಳು. ಕೆಳಗೆ ಬಂದ ಮೇಲೆ ಅವಳಿಗೆ ಏಳುವ ಮನಸ್ಸೇ ಇರಲಿಲ್ಲ. ಕೆಳಗೆ ಸೈಕಲ್ ಇಲ್ಲ, ಕಾರಿಲ್ಲ. ಮೇಲಿನ ಗದ್ದಲ ಅರ್ಧಕ್ಕರ್ಧ ಕಡಿಮೆ. ಜೀರಿಗೆ ಹಾಕಿದ ಚೀಸ್ ಮತ್ತು ಬ್ರೆಡ್ ತರಿಸಿದೆ. "ಇವ್ರಿಗೂ ಜೀರಿಗೆ ಗೊತ್ತಾ?" ಅಂತ ಆಶ್ಚರ್ಯಪಟ್ಟು ಎರಡು ತುಂಡು ಜಾಸ್ತಿಯೇ ತಿಂದಳು.

ಮಧ್ಯಾಹ್ನ ಒಂದು ಗಂಟೆಗೆ ನನಗೆ ಒಂದು ಜಾಗಕ್ಕೆ ತಲುಪಲೇಬೇಕಿತ್ತು. ಇದೇ ಕಾಲುವೆಯ ದಂಡೆಯಲ್ಲಿ, ರಸ್ತೆಯ ಕಲ್ಲುಗಳ ಮೇಲೆ ಒಂದು ಕವಿತೆ ಬರೆಯುತ್ತಿದ್ದಾರೆ. ಒಂದು ಕಲ್ಲಿಗೆ ಒಂದು ಅಕ್ಷರ. ಪ್ರತಿ ಶನಿವಾರ ಒಂದೇ ಒಂದು ಅಕ್ಷರ. 2012ರಲ್ಲಿ ಶುರುಮಾಡಿದಾಗ 2000ದ ಇಸವಿಯಿಂದ ಲೆಕ್ಕ ಹಾಕಿ ಅಷ್ಟೂ ವಾರಗಳ ಅಕ್ಷರಗಳನ್ನು ಮೊದಲೇ ಕೂರಿಸಿಬಿಟ್ಟರು. ಆಮೇಲೆ ವಾರಕ್ಕೊಂದರಂತೆ ಬೆಳೆಯುತ್ತಲೇ ಇದೆ. ಒಬ್ಬ ಕವಿಯ ಸಾಲುಗಳು ಮುಗಿದಲ್ಲಿಂದ ಇನ್ನೊಬ್ಬರು ಮುಂದುವರಿಸುತ್ತಾರೆ. ಇದಕ್ಕೆ ಕೊನೆ ಅಂತ ಇಟ್ಟಿಲ್ಲ. ಹಣ ಕೊಡುವವರು ಊರಿನ ಜನರೇ. ಒಂದು ಕಲ್ಲಿನ ಖರ್ಚು ಕೊಟ್ಟರೆ ಅದರ ಬದಿಯಲ್ಲಿ ಅವರು ಹೇಳಿದ ಹೆಸರು ಕೆತ್ತುತ್ತಾರೆ. ಆ ಬದಿ ಮಣ್ಣಿನೊಳಗೆ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ನಾವು ಹೋದಾಗ ಕಲ್ಲು ಕೆತ್ತುವವರು ಆಗಲೇ ಮಂಡಿಯೂರಿ ಕೂತಿದ್ದರು. ಉಳಿ, ಸುತ್ತಿಗೆ, ಒಂದು ಸಣ್ಣ ಬ್ರಷ್ಷು. ಸುತ್ತ ಏಳೆಂಟು ಜನ. ಅಮ್ಮನಿಗೆ ಯಾರೋ ಮಡಚುವ ಕುರ್ಚಿ ಕೊಟ್ಟರು. ಅಕ್ಷರದ ಅರ್ಧ ಮೂಡಿತ್ತು. ಅವರು ಬಡಿಯುವುದು, ಪುಡಿ ಗುಡಿಸುವುದು, ಓರೆಯಾಗಿ ನೋಡುವುದು, ಮತ್ತೆ ಬಡಿಯುವುದು. ಮುಗಿಯುವವರೆಗೂ ನಾವು ಕದಲಲಿಲ್ಲ.

"ವಾರಕ್ಕೊಂದು ಅಕ್ಷರ ಅಂದ್ರೆ ಒಂದು ಸಾಲು ಮುಗಿಯೋಕೆ ವರ್ಷ ಬೇಕಲ್ಲೇ" ಅಂದಳು ಅಮ್ಮ.

"ಬೇಕಮ್ಮ."

"ಓದೋರು ಕಾಯ್ತಾರಾ?"

ಕಾಯುತ್ತಾರೆ ಅನ್ನುವುದಕ್ಕೆ ಅಲ್ಲಿ ನಿಂತಿದ್ದವರೇ ಸಾಕ್ಷಿ. ಒಬ್ಬ ಅಜ್ಜ ಮೊಮ್ಮಗಳನ್ನು ಕರೆತಂದಿದ್ದರು. ಅವಳು ಹುಟ್ಟಿದ ವಾರದ ಕಲ್ಲು ಎಲ್ಲಿದೆ ಅಂತ ತೋರಿಸುವುದಕ್ಕೆ. ಇಬ್ಬರೂ ಎಣಿಸುತ್ತಾ ಹಿಂದಕ್ಕೆ ನಡೆದುಹೋದರು. ನನಗೆ ಗಂಟಲು ಕಟ್ಟಿತು. ಈಗ ಬದುಕಿರುವ ಯಾರೂ ಪೂರ್ತಿ ಓದಲಾರದ ಕವಿತೆಗೆ ಇಷ್ಟು ಜನ ಸೇರಿ ಕಲ್ಲು ಕೊಡುತ್ತಿದ್ದಾರೆ. ನಮ್ಮ ನಾಡಿನಲ್ಲಿ ಕಲ್ಲಿಗೂ ಅಕ್ಷರಕ್ಕೂ ಎಷ್ಟು ಹಳೆಯ ನಂಟಿದೆ! ನಮ್ಮೂರ ಕಡೆ ಹೊಲದ ಬದುವಿನಲ್ಲಿ ಶಾಸನದ ಕಲ್ಲು ನಿಂತಿರುವುದನ್ನು ನೋಡಿ ಬೆಳೆದವಳು ನಾನು. ಆದರೆ ಹೊಸದಾಗಿ ಒಂದು ಅಕ್ಷರ ಕಲ್ಲಿನ ಮೇಲೆ ಹುಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಿದ್ದು ಇಲ್ಲೇ.

ಭಾನುವಾರ, ಏಪ್ರಿಲ್ 20

ಈಸ್ಟರ್. ಬೆಳಿಗ್ಗೆಯೇ ಗಂಟೆಗಳ ಸದ್ದು. ಅಂಗಡಿಗಳು ಬಹಳಷ್ಟು ಮುಚ್ಚಿದ್ದವು, ಬೀದಿ ಖಾಲಿ.

ಡೊಂ ಗೋಪುರ ಈ ಊರಿನ ಎಲ್ಲ ಕಡೆಯಿಂದಲೂ ಕಾಣುತ್ತದೆ. ಎತ್ತರ 112 ಮೀಟರ್. ಇಡೀ ನೆದರ್ಲೆಂಡ್ಸ್‌ನ ಅತಿ ಎತ್ತರದ ಚರ್ಚ್ ಗೋಪುರ. 1321ರಲ್ಲಿ ಶುರುವಾಗಿ 1382ರಲ್ಲಿ ಮುಗಿಯಿತು. ನೋಡಿದ ಕೂಡಲೇ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಯಾಕೆಂದರೆ ಗೋಪುರ ಒಂದು ಕಡೆ, ಚರ್ಚು ಇನ್ನೊಂದು ಕಡೆ, ನಡುವೆ ಬಯಲು. 1674ರ ಆಗಸ್ಟ್ 1ರಂದು ಬಂದ ಬಿರುಗಾಳಿಗೆ ಚರ್ಚಿನ ನಡುಭಾಗ ಪೂರ್ತಿ ಕುಸಿಯಿತು. ಆ ಕಲ್ಲಿನ ರಾಶಿ ನೂರೈವತ್ತು ವರ್ಷ ಹಾಗೇ ಬಿದ್ದಿತ್ತಂತೆ. ಮತ್ತೆ ಕಟ್ಟಲಿಲ್ಲ. ಈಗ ಅದು ಚೌಕ. ಕಂಬಗಳಿದ್ದ ಜಾಗವನ್ನು ನೆಲದಲ್ಲಿ ಬೇರೆ ಬಣ್ಣದ ಕಲ್ಲು ಹಾಕಿ ತೋರಿಸಿದ್ದಾರೆ. ಅದರ ಮೇಲೆ ಮಕ್ಕಳು ಕುಂಟಾಬಿಲ್ಲೆ ಆಡುವ ಹಾಗೆ ಜಿಗಿಯುತ್ತಿದ್ದರು.

ಗೋಪುರ ಹತ್ತಲು 465 ಮೆಟ್ಟಿಲು. ಲಿಫ್ಟ್ ಇಲ್ಲ. ಗೈಡ್ ಜೊತೆಯಲ್ಲೇ ಹೋಗಬೇಕು. "ನೀನು ಹೋಗಿ ಬಾರೇ, ನಾನು ಇಲ್ಲೇ ಇರ್ತೀನಿ" ಅಂತ ಅಮ್ಮ ಚರ್ಚಿನ ಪಕ್ಕದ ಪಾಂಡ್‌ಹಾಫ್‌ನಲ್ಲಿ ಕೂತಳು. ಹಳೇ ಕಾಲದ ಅಂಗಳದ ತೋಟ ಅದು. ಸುತ್ತ ಕಲ್ಲಿನ ಕಮಾನಿನ ಪಡಸಾಲೆ, ನಡುವೆ ಔಷಧಿ ಗಿಡಗಳ ಮಡಿಗಳು, ನೀರಿನ ಕಾರಂಜಿ.

ಮೇಲೆ ಹೋಗುವ ದಾರಿಯಲ್ಲಿ ಗಂಟೆಗಳ ಕೋಣೆ ಇದೆ. 1505ರಲ್ಲಿ ಎರಕ ಹೊಯ್ದ ದೊಡ್ಡ ಗಂಟೆ ಎಂಟು ಟನ್‌ಗೂ ಜಾಸ್ತಿ ಭಾರ. ತುದಿಯಿಂದ ನೋಡಿದರೆ ನಾವು ನಡೆದ ಊರೆಲ್ಲ ಒಂದು ನೀರಿನ ಉಂಗುರದೊಳಗೆ ಕೂತಿದೆ. ಹೆದ್ದಾರಿ ಹೋಗಿ ನೀರು ವಾಪಸ್ ಬಂದ ತುಂಡೂ ಕಂಡಿತು. ಹಸಿರು ದಂಡೆಯ ನಡುವೆ ಅದನ್ನು ಬೇರೆ ಅಂತ ಗುರುತಿಸುವುದೇ ಕಷ್ಟ.

ಇಳಿದು ಬಂದಾಗ ಅಮ್ಮ ಗಿಡದ ಎಲೆ ಮೂಸುತ್ತಾ, ಪಕ್ಕದಲ್ಲಿದ್ದ ಡಚ್ ಅಜ್ಜಿಯೊಬ್ಬರ ಜೊತೆ ಕೈಸನ್ನೆಯಲ್ಲೇ ಮಂಡಿನೋವಿನ ವಿಷಯ ಮಾತಾಡುತ್ತಿದ್ದಳು.

ರಾತ್ರಿ ರೂಮಿನಲ್ಲಿ ಮೀನಿನ ಕರೆಗಂಟೆ ತೋರಿಸಿದೆ. ಹೌದು, ಮೀನಿಗೇ ಕರೆಗಂಟೆ. ವಸಂತದಲ್ಲಿ ಮೀನುಗಳು ಮೊಟ್ಟೆ ಇಡಲು ಊರಿನ ಕಾಲುವೆ ಹಾದು ಮೇಲಕ್ಕೆ ಹೋಗುತ್ತವೆ. ವೀರ್ಡ್‌ಸ್ಲೌಸ್ ಅನ್ನುವಲ್ಲಿ ದೋಣಿಗಳಿಗಾಗಿ ಕಟ್ಟಿದ ನೀರಿನ ಗೇಟು ಇದೆ. ಈ ಕಾಲದಲ್ಲಿ ದೋಣಿ ಕಡಿಮೆ, ಹಾಗಾಗಿ ಗೇಟು ತೆರೆಯುವುದೂ ಅಪರೂಪ. ಮೀನುಗಳು ಅಲ್ಲೇ ಗುಂಪುಗೂಡಿ ಕಾಯುತ್ತವೆ, ಹಕ್ಕಿಗಳ ಬಾಯಿಗೆ ಬೀಳುತ್ತವೆ. 2021ರಿಂದ ನೀರಿನೊಳಗೆ ಕ್ಯಾಮೆರಾ ಇಟ್ಟಿದ್ದಾರೆ. ಜಗತ್ತಿನ ಯಾವ ಮೂಲೆಯಲ್ಲಿದ್ದರೂ ನೋಡುತ್ತಾ ಕೂರಬಹುದು. ಮೀನು ಕಂಡರೆ ಗುಂಡಿ ಒತ್ತಬೇಕು. ಆ ಚಿತ್ರ ಗೇಟು ನೋಡಿಕೊಳ್ಳುವವರಿಗೆ ಹೋಗುತ್ತದೆ. ಸಾಕಷ್ಟು ಮೀನು ಸೇರಿವೆ ಅಂತ ಗೊತ್ತಾದಾಗ ಅವರು ಗೇಟು ತೆರೆಯುತ್ತಾರೆ.

ಅಮ್ಮ ಕನ್ನಡಕ ಹಾಕಿಕೊಂಡು ನನ್ನ ಫೋನ್ ಹಿಡಿದು ಕೂತಳು. ಹಸಿರು ನೀರು, ತೇಲುವ ಕಸ, ಮತ್ತೇನೂ ಇಲ್ಲ. ನಾನು ಮಲಗಿಬಿಟ್ಟೆ. ಹತ್ತೂವರೆಗೆ ನನ್ನ ಭುಜ ಅಲ್ಲಾಡಿಸಿ, "ಏಯ್, ಬಂತು ಕಣೇ! ಒತ್ತಿದೆ!" ಅಂದಳು.

ಸೋಮವಾರ, ಏಪ್ರಿಲ್ 21

ತಿಂಡಿ ಮುಗಿಸುವಾಗ ಫೋನಿನಲ್ಲಿ ಸುದ್ದಿ. ಪೋಪ್ ಫ್ರಾನ್ಸಿಸ್ ತೀರಿಕೊಂಡರು. "ಅಯ್ಯೋ, ನಿನ್ನೆ ತಾನೇ ಟಿವಿಯಲ್ಲಿ ಜನರಿಗೆ ಕೈ ಬೀಸ್ತಾ ಇದ್ರಲ್ಲೇ" ಅಂತ ಅಮ್ಮ ಸುಮ್ಮನೆ ಕೂತುಬಿಟ್ಟಳು.

ಆಮೇಲೆ ನ್ಯೂವೆಗ್ರಾಕ್ಟ್ ಕಡೆ ನಡೆದೆವು. ಹೆಸರಿನ ಅರ್ಥ ಹೊಸ ಕಾಲುವೆ ಅಂತ, ಔಡೆಗ್ರಾಕ್ಟ್‌ನಷ್ಟು ಹೋಟೆಲುಗಳಿಲ್ಲ, ಮರ ಜಾಸ್ತಿ. ನನಗೆ ಈ ಊರಿನಲ್ಲಿ ತುಂಬಾ ಇಷ್ಟವಾದ ನಡಿಗೆ ಇದೇ. ಅಲ್ಲಿ ಹತ್ತಿರದಲ್ಲೇ ಪೋಪರ ಮನೆ ಅಂತ ಕರೆಯುವ ಹಳೇ ಕಟ್ಟಡ ಇದೆ. ನೆದರ್ಲೆಂಡ್ಸ್‌ನಿಂದ ಪೋಪ್ ಆದವರು ಒಬ್ಬರೇ, ಆರನೇ ಏಡ್ರಿಯನ್. ಹುಟ್ಟಿದ್ದು 1459ರಲ್ಲಿ ಈ ಊರಿನಲ್ಲೇ. ಊರಿಗೆ ವಾಪಸ್ ಬಂದು ನೆಲೆಸಬೇಕು ಅಂತ ಈ ಮನೆ ಕಟ್ಟಿಸಿದರು. ಆದರೆ 1522ರಲ್ಲಿ ಪೋಪ್ ಆಗಿ ರೋಮ್‌ಗೆ ಹೋದರು, ಮರುವರ್ಷವೇ ತೀರಿಕೊಂಡರು. ಒಂದು ದಿನವೂ ಇಲ್ಲಿ ಇರಲಿಲ್ಲ. ಇವತ್ತು ಅದರ ಮುಂದೆ ಕೆಲವರು ಸುಮ್ನೆ ನಿಂತಿದ್ದರು. ನಾವೂ ನಿಂತೆವು.

ಮಧ್ಯಾಹ್ನ ಅಮ್ಮನದೇ ಹಟ. ಆ ಗೇಟು ನೋಡಲೇಬೇಕು. ಔಡೆಗ್ರಾಕ್ಟ್‌ನ ಉತ್ತರದ ತುದಿವರೆಗೆ, ಮೂರು ಕಡೆ ಕೂತು ಎದ್ದು, ವೀರ್ಡ್‌ಸ್ಲೌಸ್ ತಲುಪಿದೆವು. ಮೇಲಿನಿಂದ ನೋಡಿದರೆ ಬರೀ ಕದಡಿದ ನೀರು. "ನನ್ನ ಮೀನು ದಾಟಿರುತ್ತೆ ಬಿಡು" ಅಂದಳು.

ತಂದೆತಾಯಿಯನ್ನು ಕರೆತರುವವರಿಗೆ ಎರಡು ಮಾತು. ಗೋಪುರದ ಟಿಕೆಟ್ ಮೊದಲೇ ಮಾಡಿಸಿ, ಕೆಳಗೆ ಕೂರುವವರಿಗೆ ಪಾಂಡ್‌ಹಾಫ್ ತೋರಿಸಿ. ಕೆಂಪು ಬಣ್ಣದ ದಾರಿ ಸೈಕಲ್‌ಗಳದ್ದು, ಅದರ ಮೇಲೆ ನಿಲ್ಲಬೇಡಿ, ಅವು ಬಹಳ ಜೋರಾಗಿ ಬರುತ್ತವೆ. ಶನಿವಾರ ಒಂದು ಗಂಟೆಯನ್ನು ಬೇರೆ ಯಾವುದಕ್ಕೂ ಕೊಡಬೇಡಿ. 1924ರಲ್ಲಿ ಕಟ್ಟಿದ, ಆಧುನಿಕ ವಾಸ್ತುಶಿಲ್ಪಕ್ಕೆ ಹೆಸರಾದ ರೀಟ್‌ವೆಲ್ಡ್ ಶ್ರೋಡರ್ ಮನೆ ನೋಡಲು ನಮಗೆ ಟಿಕೆಟ್ ಸಿಗಲಿಲ್ಲ. ಅದಕ್ಕೆ ಜೂನ್‌ನಲ್ಲಿ ಬರೋಣ ಅಂತ ಅಮ್ಮ ಈಗಲೇ ಹೇಳುತ್ತಿದ್ದಾಳೆ. ಆಗಸ್ಟ್‌ವರೆಗೂ ಇಲ್ಲೇ ಇರುತ್ತಾಳೆ, ಬರುತ್ತೇವೆ.