ಗೇಮ್ ಅಂಗಡಿ ಬಿಚ್ಚಿದ ಭಾನುವಾರ

ಬೆಳಿಗ್ಗೆ ಎಂಟಕ್ಕೇ ಗೇಮ್ ಅಂಗಡಿಯ ಅಣ್ಣ ಫೋನ್ ಮಾಡಿದರು. "ಸ್ಕ್ರೂಡ್ರೈವರು, ಕಟಿಂಗ್ ಪ್ಲೇಯರು ತಗೊಂಡು ಬಾರಪ್ಪ. ಗುಜರಿಯವ್ರು ಮಧ್ಯಾಹ್ನ ಬತ್ತಾರೆ." ಯಾಕೆ ಅಂತ ನಾನು ಕೇಳಲಿಲ್ಲ. ಆಗ ನಾನು ಟಿವಿ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದೆ. ಮಿಷನ್ ಕೆಟ್ಟಾಗಲೆಲ್ಲ ಅವರು ನನ್ನನ್ನೇ ಕರೆಯುತ್ತಿದ್ದರು. ಈ ಸಲ ರಿಪೇರಿಗಲ್ಲ ಅಂತ ಅವರ ದನಿಯಲ್ಲೇ ಗೊತ್ತಾಯಿತು.

ಮೈಸೂರಿನ ನಂಜುಮಳಿಗೆ ಸರ್ಕಲ್ಲಿನಿಂದ ಸ್ವಲ್ಪ ಒಳಗೆ ಒಂದು ಅಡ್ಡರಸ್ತೆಯಲ್ಲಿ ಅಣ್ಣನ ಅಂಗಡಿ ಇತ್ತು. ಬಾಗಿಲಿಗೆ ದಪ್ಪ ಪರದೆ. ಒಳಗೆ ಐದು ಮಿಷನ್ನುಗಳ ಬೆಳಕೇ ಬೆಳಕು. ರೂಪಾಯಿಗೆ ಒಂದು ಕಾಯಿನ್. ಕ್ಯಾಪ್ಕಾಮ್ ಕಂಪನಿ 1993ರಲ್ಲಿ ತಂದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಎನ್ನುವ ಆಟ ಅಲ್ಲಿತ್ತು. ಆ ಹೆಸರು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಅದರಲ್ಲಿ ಆರಿಸಿಕೊಳ್ಳಲು ನಾಲ್ಕು ಜನ: ಜಾಕ್, ಹನ್ನಾ, ಮುಸ್ತಫಾ, ಮೆಸ್. ಆ ಪರಕೀಯ ಹೆಸರುಗಳ ನಡುವೆ ಮುಸ್ತಫಾ ಮಾತ್ರ ನಮ್ಮ ಬೀದಿಯವನು. ಹಾಗಾಗಿ ಇಡೀ ಆಟಕ್ಕೇ ಅವನ ಹೆಸರು. ನಮ್ಮಲ್ಲಷ್ಟೇ ಅಲ್ಲ, ದೇಶದ ಎಷ್ಟೋ ಊರುಗಳಲ್ಲಿ ಅದಕ್ಕೆ ಅದೇ ಹೆಸರಿತ್ತೆಂದು ತಿಳಿದದ್ದು ಬಹಳ ವರ್ಷದ ಮೇಲೆ.

ಒಂದು ಕಾಯಿನ್ನು ಎಷ್ಟು ಹೊತ್ತು ಬರುತ್ತದೆ ಅನ್ನುವುದು ಕೈಯ ಮೇಲಿತ್ತು. ಹೊಸಬನಿಗೆ ಎರಡು ನಿಮಿಷ. ಆಟ ಬಲ್ಲವನು ಎಂಟು ಸ್ಟೇಜನ್ನೂ ದಾಟಿ ಮುಕ್ಕಾಲು ಗಂಟೆ ಕದಲುತ್ತಿರಲಿಲ್ಲ. ಬೆನ್ನ ಹಿಂದೆ ಹತ್ತು ಜನ ಉಸಿರು ಹಿಡಿದು ನಿಂತಿರುತ್ತಿದ್ದರು. ನೋಡುವುದಕ್ಕೆ ಕಾಸಿಲ್ಲ. ಕಾಸಿಲ್ಲದ ದಿನಗಳಲ್ಲಿ ನಾನು ನೋಡಿ ನೋಡಿಯೇ ಆಟ ಕಲಿತವನು. ಅಂಗಡಿಯವರ ಕಡೆಯಿಂದ ಲೆಕ್ಕ ಹಾಕಿದರೆ ಆ ಮುಕ್ಕಾಲು ಗಂಟೆಯ ಸಂಪಾದನೆ ಒಂದೇ ರೂಪಾಯಿ. ಚೆನ್ನಾಗಿ ಆಡುವವನೇ ಅವರಿಗೆ ನಷ್ಟ.

ಹಾಗಾಗಿ ಹುಡುಗರಲ್ಲಿ ಒಂದು ಮಾತು ಹಬ್ಬಿತ್ತು: ಒಳಗೊಂದು ಸ್ವಿಚ್ಚಿದೆ, ಯಾರಾದರೂ ಚೆನ್ನಾಗಿ ಆಡತೊಡಗಿದರೆ ಅಣ್ಣ ಅದನ್ನು ಒತ್ತುತ್ತಾರೆ, ಆಮೇಲೆ ಆಟ ಕಷ್ಟವಾಗುತ್ತದೆ. ಸೋತವರೆಲ್ಲ ಇದನ್ನೇ ಹೇಳುತ್ತಿದ್ದರು. ಹತ್ತನೇ ಕ್ಲಾಸಿನಲ್ಲಿ ಒಂದು ಸಂಜೆ ಸ್ಟ್ರೀಟ್ ಫೈಟರ್ ಮಿಷನ್ನಿನ ಮುಂದೆ ನಾಲ್ಕು ರೂಪಾಯಿ ಕಳೆದುಕೊಂಡು, ನಾನು ಎಲ್ಲರ ಎದುರು ಕೂಗಿದೆ: "ನೀವು ಮೋಸ ಮಾಡ್ತೀರ." ಅಣ್ಣ ಏನೂ ಹೇಳದೆ ಗಲ್ಲಾದಿಂದ ಒಂದು ಕಾಯಿನ್ ತೆಗೆದು ನನ್ನ ಮುಂದಿಟ್ಟರು. ನಾನು ಅದನ್ನು ಮುಟ್ಟದೆ ಹೊರಗೆ ಬಂದೆ.

ಆ ಅನುಮಾನ ನಮ್ಮದೊಂದೇ ಆಗಿರಲಿಲ್ಲ. ವಿಡಿಯೋ ಗೇಮ್ ನಡೆಸಲು ಲೈಸೆನ್ಸ್ ಬೇಕೆನ್ನುವ ನಿಯಮದ ಮೇಲೆ ಕರ್ನಾಟಕದ ಅಂಗಡಿಗಳವರು ಸುಪ್ರೀಂ ಕೋರ್ಟಿನವರೆಗೂ ಹೋಗಿದ್ದರು. 1995ರಲ್ಲಿ ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು. ಮಿಷನ್ನನ್ನು ತಿದ್ದಿ ಆಡುವವನನ್ನು ಸೋಲಿಸಬಹುದು ಎನ್ನುವುದು ಅಲ್ಲಿ ಚರ್ಚೆಯಾದ ಮಾತುಗಳಲ್ಲೊಂದು. ತಿದ್ದಿದ ಮಿಷನ್ನುಗಳು ಇದ್ದಿರಲೂಬಹುದು. ಆದರೆ ಪರದೆ ಹಾಕಿದ ಅಂಗಡಿಯೆಲ್ಲ ಜೂಜಿನಂಗಡಿ ಎಂದು ಮನೆಮನೆಯಲ್ಲೂ ನಂಬಿದ್ದು ಮಾತ್ರ ಅನ್ಯಾಯ.

ಅಂಗಡಿ ಕ್ಷೀಣಿಸಿದ್ದು ನಿಧಾನವಾಗಿ. ಪ್ಲೇಸ್ಟೇಷನ್ ಮನೆಗಳಿಗೆ ಬಂತು. ಸೈಬರ್ ಕೆಫೆಗಳಲ್ಲಿ ಗಂಟೆಯ ಲೆಕ್ಕಕ್ಕೆ ಕೌಂಟರ್ ಸ್ಟ್ರೈಕ್ ಬಂತು. ಕಾಲೇಜು ಹುಡುಗರು ಅತ್ತ ಹೋದರು, ಚಿಕ್ಕವರನ್ನು ಮನೆಯವರು ಬಿಡಲಿಲ್ಲ. ಬಾಡಿಗೆ ಏರಿತು, ಕಾಯಿನ್ ಎರಡು ರೂಪಾಯಿಯಾಯಿತು. ಅದಕ್ಕಿಂತ ಹೆಚ್ಚಿಗೆ ಕೇಳಲು ಅಣ್ಣನಿಗೆ ಬಾಯಿ ಬರಲಿಲ್ಲ.

ಆ ಭಾನುವಾರ ಪರದೆ ಸರಿಸಿದ್ದರು. ಬಿಸಿಲಲ್ಲಿ ಆ ಗೋಡೆಗಳನ್ನು ನಾನು ನೋಡಿದ್ದು ಅದೇ ಮೊದಲು. ಪಿಕ್ಚರ್ ಟ್ಯೂಬಿನಲ್ಲಿ ಕರೆಂಟು ಉಳಿದಿರುತ್ತದೆ, ಹಾಗೇ ಮುಟ್ಟಿದರೆ ಎತ್ತಿ ಬಿಸಾಕುತ್ತದೆ. ಸ್ಕ್ರೂಡ್ರೈವರಿಗೆ ವೈರು ಕಟ್ಟಿ ಅರ್ಥ್ ಮಾಡಿ, ರಬ್ಬರ್ ಕ್ಯಾಪಿನ ಕೆಳಗೆ ತೂರಿಸಿದೆ. ಪಟ್ ಅಂತ ಸದ್ದಾಯಿತು. ಐದು ಮಿಷನ್ನಿಗೆ ಐದು ಸಲ. ಪ್ರತಿ ಸಲವೂ ಅಣ್ಣ ಮುಖ ಆ ಕಡೆ ತಿರುಗಿಸಿಕೊಂಡರು.

ಗುಜರಿಯವರಿಗೆ ಬೇಕಾದದ್ದು ತಾಮ್ರ. ಟ್ಯೂಬಿನ ಕುತ್ತಿಗೆಯ ಯೋಕ್ ಸುರುಳಿ, ಟ್ರಾನ್ಸ್‌ಫಾರ್ಮರ್, ವೈರಿನ ಕಂತೆ. ಪ್ಲೈವುಡ್ಡಿಗೆ ಬೆಲೆಯೇ ಇಲ್ಲ, ಒಲೆಗಾದೀತು ಅಂದರು. ಮುಸ್ತಫಾ ಮಿಷನ್ನಿನ ಹ್ಯಾಂಡಲ್ ಮೂರೂ ಸವೆದಿದ್ದವು. ಮಧ್ಯದ್ದರ ಗುಂಡು ನಮ್ಮ ಅಂಗೈಗಳಿಗೆ ಸಿಕ್ಕಿ ಬಣ್ಣ ಕಳೆದುಕೊಂಡಿತ್ತು. ಅದನ್ನು ಬಿಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡೆ. ಅಣ್ಣ ನೋಡಿದರು, ಬೇಡ ಅನ್ನಲಿಲ್ಲ.

(ಹೋದ ವರ್ಷ ಮಗಳನ್ನು ಮಾಲ್ ಒಂದರ ಗೇಮ್ ಜೋನಿಗೆ ಕರೆದುಕೊಂಡು ಹೋಗಿದ್ದೆ. ಕಾರ್ಡಿಗೆ ದುಡ್ಡು ತುಂಬಿಸಬೇಕು, ಉಜ್ಜಬೇಕು. ಅವಳು ಎಷ್ಟು ಚೆನ್ನಾಗಿ ಆಡಿದರೂ ಗಡಿಯಾರ ಮುಗಿದಾಗ ಆಟ ಮುಗಿಯಿತು. ಹಿಂದೆ ನಿಂತು ನೋಡುವವರು ಒಬ್ಬರೂ ಇರಲಿಲ್ಲ. ಜಪಾನಿನ ಸೆಗಾ ಕಂಪನಿ ಕೂಡ 2022ರಲ್ಲಿ ಅಲ್ಲಿನ ಗೇಮ್ ಸೆಂಟರುಗಳಲ್ಲಿ ಉಳಿದಿದ್ದ ತನ್ನ ಪಾಲನ್ನು ಮಾರಿ ಹೊರಬಂತು ಎಂದು ಓದಿದಾಗ ನನಗೆ ನೆನಪಾದದ್ದು ಈ ಅಡ್ಡರಸ್ತೆ.)

ಕೊನೆಗೆ ಉಳಿದದ್ದು ಸ್ಟ್ರೀಟ್ ಫೈಟರ್. ಹಿಂಬಾಗಿಲು ತೆಗೆದೆ. ಒಳಗಡೆ ಒಂದು ಜೆರಾಕ್ಸ್ ಹಾಳೆ ಅಂಟಿಸಿತ್ತು, ಯಾವ ಸ್ವಿಚ್ ಯಾತಕ್ಕೆ ಅನ್ನುವ ಪಟ್ಟಿ. ಎಷ್ಟೋ ಸಲ ಆ ಅಂಗಡಿಗೆ ಹೋಗಿದ್ದರೂ ನನ್ನ ಕೆಲಸವೆಲ್ಲ ಟ್ಯೂಬಿನ ಕಡೆಯದು. ಬೋರ್ಡನ್ನು ಹೊರಗೆ ಎಳೆದವನಲ್ಲ. ಆವತ್ತು ಎಳೆದೆ. ಅಂಚಿನಲ್ಲಿ ಅಕ್ಕಿಕಾಳಿನಷ್ಟಷ್ಟೇ ಇದ್ದ ಸಣ್ಣ ಸ್ವಿಚ್ಚುಗಳ ಸಾಲು. ಹುಡುಗರು ಹೇಳುತ್ತಿದ್ದದ್ದು ಸುಳ್ಳಲ್ಲ, ಸ್ವಿಚ್ಚು ಇತ್ತು. ಒಂದು ಕಡೆಗೆ ಸರಿಸಿದರೆ ಆಟ ಸುಲಭ, ಇನ್ನೊಂದು ಕಡೆಗೆ ಸರಿಸಿದರೆ ಕಷ್ಟ.

ಹಾಳೆ ಹಿಡಿದು ಒಂದೊಂದಾಗಿ ತಾಳೆ ನೋಡಿದೆ. ಎಲ್ಲವೂ ನಾರ್ಮಲ್ ಅಂತ ಬರೆದಿದ್ದ ಜಾಗದಲ್ಲೇ ಇದ್ದವು. ಅವುಗಳ ಮೇಲೆ, ಸಂದಿಯಲ್ಲಿ, ವರ್ಷಗಟ್ಟಲೆಯ ಧೂಳು ಕಂಬಳಿಯಂತೆ ಒಂದೇ ಸಮನಾಗಿ ಕೂತಿತ್ತು. ಎಲ್ಲೂ ಒಂದು ಉಗುರಿನ ಗೆರೆಯಿಲ್ಲ.

"ಅದರಲ್ಲೇನಪ್ಪ ನೋಡ್ತಾ ಇದೀಯ?" ಅಣ್ಣ ಬಾಗಿಲ ಹತ್ತಿರದಿಂದ ಕೇಳಿದರು.

"ಅಣ್ಣ, ಆವತ್ತು ನಾನು ಅಂದಿದ್ದು..." ಅಂದೆ. ಮುಂದಿನ ಮಾತು ಬರಲಿಲ್ಲ.

"ಯಾವತ್ತು?" ಅಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. "ತೂಕಕ್ಕೆ ಹಾಕು, ಅವ್ರು ಕಾಯ್ತಾವ್ರೆ."